ಸಣ್ಣ ಉದ್ಯಮದ ಬೆಳವಣಿಗೆಯೂ ಉದ್ರಿಯ ಬಾಧೆಯೂ

ದಾವಣಗೆರೆಯು ವರ್ತಕರಿಂದ ಬೆಳೆದ ಊರು. ಹಿಂದೆ ಬೇತೂರಿಗೆ ಸೇರಿದ ಸಣ್ಣ ಗ್ರಾಮವಾಗಿದ್ದ ಇದನ್ನು ಹೈದರಾಲಿಯು ಅಪ್ಪೋಜಿರಾಯನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಆತನು ವ್ಯಾಪಾರಿಗಳನ್ನು ಕರೆತಂದು ಇಲ್ಲಿ ನೆಲೆಗೊಳಿಸಿದನೆಂದೂ ಚರಿತ್ರೆಯು ಹೇಳುತ್ತದೆ. ಕಂಬಳಿಯ ವ್ಯಾಪಾರದಿಂದ ಹತ್ತಿಯ ಮಂಡಿಗೆ, ಅಲ್ಲಿಂದ ಬಟ್ಟೆಯ ಗಿರಣಿಗೆ ಏರಿದ ಈ ಊರು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತು. ಆ ಗಿರಣಿಗಳು ಬಹುಮಟ್ಟಿಗೆ ಮುಚ್ಚಿಹೋದುವು. ನೆರೆಯ ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಈ ಶತಮಾನದ ಆರಂಭದಲ್ಲಿ ನಿಂತುಹೋಯಿತು. ಈಗ ಈ ಎರಡು ಊರುಗಳಲ್ಲಿ ಸಾವಿರಾರು ಸಂಸಾರಗಳ ಅನ್ನವು ಸಣ್ಣ ಉದ್ಯಮಗಳನ್ನು ಅವಲಂಬಿಸಿಕೊಂಡಿದೆ. ಆದುದರಿಂದ ಅವು ಏಕೆ ಬೆಳೆಯುವುದಿಲ್ಲ, ಬೆಳೆಯುತ್ತ ಬಂದುವು ಏಕೆ ಕೆಡುತ್ತವೆ ಎಂಬ ವಿಚಾರವು ನಮ್ಮ ಮಹಾಜನರ ಗಮನಕ್ಕೆ ಅರ್ಹವಾದುದು.

ಬಂಡವಾಳವಿಲ್ಲ, ಗಿರಾಕಿಗಳಿಲ್ಲ, ಸರ್ಕಾರದ ಕಾಟ ಹೆಚ್ಚು ಎಂಬ ಮೂರು ಕಾರಣಗಳನ್ನು ಸಾಮಾನ್ಯವಾಗಿ ಹೇಳುವುದುಂಟು. ನಾವು ಕಂಡುದು ಬೇರೆ. ಮಾಲಿಗೆ ಬೇಡಿಕೆ ಏರುತ್ತಿರುವಾಗಲೇ, ಖಾತೆಯಲ್ಲಿ ಲಾಭವು ಬರೆದಿರುವಾಗಲೇ, ಬಾಗಿಲು ಹಾಕಿದವರು ನಮ್ಮಲ್ಲಿ ಅನೇಕರು. ಅವರ ಲಾಭವೆಲ್ಲ ಊರವರ ಕೈಯಲ್ಲಿ ಉದ್ರಿಯಾಗಿ ಉಳಿದಿತ್ತು.

ಬೆಣ್ಣೆದೋಸೆಯ ಕಥೆಯನ್ನು ಅರಿಯದವರು ಇಲ್ಲಿ ಯಾರೂ ಇರಲಾರರು. 1928ರ ಸುಮಾರಿಗೆ ಬೆಳಗಾವಿಯ ಕಡೆಯಿಂದ ಮಕ್ಕಳೊಡನೆ ಬಂದ ಚೆನ್ನಮ್ಮನವರು ನಾಟಕದ ಥಿಯೇಟರಿನ ಹತ್ತಿರ ರಾಗಿಹಿಟ್ಟಿನ ದೋಸೆಯನ್ನು ಮಾಡಿ ಮಾರಿದರೆಂದೂ, ಹತ್ತು ವರ್ಷಗಳ ತರುವಾಯ ಅವರ ಮಕ್ಕಳು ಅಕ್ಕಿ, ಉದ್ದು, ಮಂಡಕ್ಕಿಗಳ ಹಿಟ್ಟಿಗೆ ಬದಲಾಯಿಸಿ ಬೆಣ್ಣೆ ಸುರಿದು ಹೆಸರು ಗಳಿಸಿದರೆಂದೂ ಊರಿನಲ್ಲಿ ಹೇಳುತ್ತಾರೆ. ರುಚಿಯ ಮಾತನ್ನು ಎಲ್ಲರೂ ಆಡುತ್ತಾರೆ; ಹಣದ ಮಾತನ್ನು ಆಡುವವರು ಕಡಮೆ. ದೋಸೆ ತಿಂದವನು ಕೈ ತೊಳೆದೊಡನೆ ದುಡ್ಡು ಕೊಟ್ಟು ಹೋಗುತ್ತಾನೆ. ಸಂಜೆ ಪೆಟ್ಟಿಗೆಗೆ ಬಿದ್ದ ಹಣವೇ ಮರುದಿನದ ಅಕ್ಕಿಯನ್ನೂ ಬೆಣ್ಣೆಯನ್ನೂ ತರುತ್ತದೆ. ಇಂತಹ ವ್ಯಾಪಾರವು ತನ್ನ ಕಾಲಿನ ಮೇಲೆಯೇ ಬೆಳೆಯಬಲ್ಲುದು.

ಆದರೆ ಅದೇ ದೋಸೆಯ ಹಿಟ್ಟಿಗೆ ಬೀಳುವ ಮಂಡಕ್ಕಿಯ ಗತಿಯನ್ನು ನೋಡಿರಿ. ಭಟ್ಟಿಯವರು, ಅವರಲ್ಲಿ ಬಹುಪಾಲು ಮುಸಲ್ಮಾನ ಕುಟುಂಬಗಳು, ಭತ್ತವನ್ನು ಕೊಂಡು, ನೆನೆಯಿಟ್ಟು, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆಸಿ, ಉಪ್ಪುನೀರು ಹಾಕಿ, ಕಾದ ಮರಳಿನಲ್ಲಿ ಅರಳಿಸುತ್ತಾರೆ. ಮನೆಯ ಹೆಂಗಸರೂ ದುಡಿಯುತ್ತಾರೆ. ಭತ್ತಕ್ಕೂ ಕೂಲಿಗೂ ರೊಕ್ಕ ಕೂಡಲೇ ಬೇಕು. ಮೂಟೆಗಳು ಹೋಗುವುದು ಮಾತ್ರ ಉದ್ರಿಯ ಮೇಲೆ.

ಒಂದು ಸಣ್ಣ ಲೆಕ್ಕವನ್ನು ವಾಚಕರು ನಮ್ಮೊಡನೆ ಮಾಡಬೇಕೆಂದು ಕೋರುತ್ತೇವೆ. ಒಬ್ಬ ಭಟ್ಟಿಯವನಿಗೆ ದಿನಕ್ಕೆ 10,000 ರೂಪಾಯಿ ಖರ್ಚೆಂದೂ, ಮಾಲು 11,000ಕ್ಕೆ ಹೋಗುತ್ತದೆಂದೂ, ಹಣವು 60 ದಿನಗಳ ಮೇಲೆ ಕೈಸೇರುತ್ತದೆಂದೂ ಇಟ್ಟುಕೊಳ್ಳೋಣ. ಅವನ 6 ಲಕ್ಷ ರೂಪಾಯಿ ಯಾವಾಗಲೂ ಪರರ ಮನೆಯಲ್ಲಿರುತ್ತದೆ. ಬೇಡಿಕೆ ಬಂತು, ಇಮ್ಮಡಿ ಮಾಡೋಣವೆಂದು ಹೊರಟರೆ ಹೊರಗೆ ನಿಲ್ಲುವ ಹಣ 12 ಲಕ್ಷವಾಗುತ್ತದೆ. ಹೆಚ್ಚಿನ 6 ಲಕ್ಷವೆಂದರೆ ಅವನ ಹಳೆಯ ಲಾಭದ 600 ದಿನಗಳ ಗಳಿಕೆ. ಅದೂ ಆ 600 ದಿನ ಮನೆಯವರು ಉಪವಾಸವಿದ್ದರೆ! ಅದೇ ಮನುಷ್ಯನು 60 ದಿನದ ವಾಯಿದೆಯನ್ನು 30ಕ್ಕೆ ಇಳಿಸಿದನೋ, ದಿನಕ್ಕೆ 20,000ದಂತೆ ಹೊರಗಿರುವುದು ಮತ್ತೆ 6 ಲಕ್ಷವೇ. ಒಂದು ಕಾಸನ್ನೂ ಸಾಲ ಮಾಡದೆ ಉದ್ಯಮವು ಇಮ್ಮಡಿಯಾಯಿತು. ಗಿರಾಕಿಗೆ ಬೆಲೆಯಲ್ಲಿ ಸ್ವಲ್ಪ ಸೋಡಿ ಕೊಟ್ಟಾದರೂ ಬೇಗ ಹಣ ಪಡೆಯುವುದು ಎಷ್ಟು ಲಾಭದಾಯಕವೆಂದು ಇದರಿಂದ ತಿಳಿಯಬಹುದು.

ಈ ಲೆಕ್ಕವನ್ನು ಮಾಡದವರು ಏನು ಮಾಡುತ್ತಾರೆ? ಸಾಲಕ್ಕೆ ಓಡುತ್ತಾರೆ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಿಂದ ಸಣ್ಣವನಿಗೂ ಬ್ಯಾಂಕಿನ ಬಾಗಿಲು ಸ್ವಲ್ಪ ತೆರೆದುದು ನಿಜ. ಆದರೆ ಬಂದ ಹಣವನ್ನೆಲ್ಲ ಯಂತ್ರಕ್ಕೆ ಸುರಿದು, ಯಂತ್ರಕ್ಕೆ ಹಾಕುವ ಭತ್ತಕ್ಕೆ ದುಡ್ಡಿಲ್ಲದೆ ಕೂತವರನ್ನು ನಾವು ಬಲ್ಲೆವು. ಬ್ಯಾಂಕಿನಲ್ಲಿ ಯಂತ್ರದ ಸಾಲ ಬೇರೆ, ದಿನದ ವಹಿವಾಟಿಗೆ ಕೊಡುವ ಸಾಲ ಬೇರೆ; ಎರಡನ್ನೂ ಒಟ್ಟಿಗೆ ಕೇಳತಕ್ಕದ್ದು. ಅದಕ್ಕೆ ಕಿರ್ದಿಯೂ ಖಾತೆಯೂ ಸರಿಯಾಗಿರಬೇಕು, ಮನೆಯ ಚೀಲವೂ ಅಂಗಡಿಯ ಚೀಲವೂ ಬೇರೆಬೇರೆಯಾಗಿರಬೇಕು. ಲೆಕ್ಕವಿಡುವುದೆಂದರೆ ತೆರಿಗೆಯವರನ್ನು ಕರೆದಂತೆ ಎಂಬ ಭಯವು ನಮ್ಮವರಲ್ಲಿ ಬಲವಾಗಿದೆ. 2025ರ ಜುಲೈಯಲ್ಲಿ ಫೋನಿನ ಮೂಲಕ ಪಡೆದ ಹಣದ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟೀಸುಗಳು ಹೋದಾಗ ಆ ಭಯವು ಇಮ್ಮಡಿಸಿತು. ಆದರೂ ತಾನು ವಿನಾಯಿತಿಯುಳ್ಳ ಮಾಲನ್ನು ಮಾರಿದೆನೆಂದು ತೋರಿಸಬಲ್ಲವನು ಲೆಕ್ಕವಿಟ್ಟವನೇ ಅಲ್ಲವೆ?

ಭಟ್ಟಿಗಳ ಹೊಗೆಯ ವಿಷಯವೂ ಇದಕ್ಕೆ ಸೇರಿದುದೇ. ಹಳೆಯ ಟೈರು ಸುಟ್ಟ ಹೊಗೆಯನ್ನು ಕುಡಿದು ದುಡಿದವರ ಎದೆಯ ಗತಿಯನ್ನು ನಾವು ವರ್ಣಿಸಬೇಕಾದುದಿಲ್ಲ. 2016ರಲ್ಲಿ ದಾವಣಗೆರೆಯು ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಇಪ್ಪತ್ತು ನಗರಗಳಲ್ಲಿ ಸೇರಿದಾಗ ಭಟ್ಟಿಗಳ ಪ್ರದೇಶದ ಸುಧಾರಣೆಯೂ ಪ್ರಸ್ತಾಪಕ್ಕೆ ಬಂದಿತು. ಹೊಗೆಯಿಲ್ಲದ ಒಲೆ ಬೇಡವೆನ್ನುವವರು ಯಾರು? ಒಲೆಗೆ ಬೇಕಾದ ಹಣವು ಉದ್ರಿಯ ಪುಸ್ತಕದಲ್ಲಿ ಸಿಕ್ಕಿಕೊಂಡಿದೆ. ಒಬ್ಬನೇ ಉದ್ರಿ ನಿಲ್ಲಿಸಿದರೆ ಗಿರಾಕಿಯು ಪಕ್ಕದ ಭಟ್ಟಿಗೆ ಹೋಗುತ್ತಾನೆಂಬುದೂ ಸತ್ಯ. ಎಲ್ಲರೂ ಕೂಡಿ ಇಷ್ಟೇ ದಿನವೆಂದು ಕಟ್ಟು ಮಾಡಿಕೊಂಡು, ಭತ್ತವನ್ನೂ ಒಟ್ಟಿಗೆ ಕೊಳ್ಳುವುದೇ ಇದಕ್ಕೆ ಉಪಾಯ. ಗದಗಿನ ಬಳಿಯ ಕಣಗಿನಹಾಳದ ರೈತರು 1905ರಲ್ಲಿಯೇ ಸಹಕಾರ ಸಂಘವನ್ನು ಕಟ್ಟಿದ ನಾಡಿನಲ್ಲಿ ಇದು ಅಸಾಧ್ಯವೆಂದು ನಾವು ಒಪ್ಪುವುದಿಲ್ಲ.

ಹರಿಹರದ ಸಂಕಟವು ಇನ್ನೊಂದು ಬಗೆಯದು. ಅಲ್ಲಿ ಲೇತು ತಿರುಗಿಸುವ ಕೈಗಳಿಗೆ ಕೊರತೆಯಿರಲಿಲ್ಲ. ದೊಡ್ಡ ಕಾರ್ಖಾನೆಯೇ ಅವರ ಪಾಠಶಾಲೆಯಾಗಿತ್ತು. ಆದರೆ ಬಿಡಿಭಾಗಗಳನ್ನು ಮಾಡಿಕೊಡುತ್ತಿದ್ದ ಸಣ್ಣ ಕಾರ್ಯಾಗಾರಗಳಿಗೆ ಆ ಒಂದೇ ಗಿರಾಕಿ. ಅದು ಮುಗ್ಗರಿಸಿದಾಗ ಇವರೂ ಬಿದ್ದರು. ಆ ಮನೆತನದ ಲಕ್ಷ್ಮಣರಾಯರ ಜೀವನವನ್ನಾದರೂ ಇವರು ನೆನೆಯಬೇಕಿತ್ತು: ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಟ್ಟ ಅವರು ಮೇವು ಕತ್ತರಿಸುವ ಯಂತ್ರಕ್ಕೂ ಕಬ್ಬಿಣದ ನೇಗಿಲಿಗೂ ತಿರುಗಿದರು. ಕಬ್ಬಿಣವು ಭೂಮಿಗೆ ವಿಷವೆಂದು ರೈತರು ಅಂಜುತ್ತಿದ್ದುದರಿಂದ ನೇಗಿಲು ಮಾರುವುದಕ್ಕೇ ಬಹುಕಾಲ ಹಿಡಿಯಿತು. ಬೆಳಗಾವಿಯ ಸ್ಥಳವನ್ನು ಬಿಡಬೇಕಾಗಿ ಬಂದಾಗ 1910ರಲ್ಲಿ ಔಂಧ ಸಂಸ್ಥಾನಕ್ಕೆ ಹೋಗಿ ಮೊದಲಿನಿಂದ ಕಟ್ಟಿದರು. ಒಂದೇ ಮಾಲನ್ನಾಗಲಿ ಒಂದೇ ಊರನ್ನಾಗಲಿ ಅವರು ನಂಬಿ ಕೂಡಲಿಲ್ಲ.

ಇನ್ನು ಕಾನೂನಿನ ಮಾತು. 2006ರ ಕಾಯಿದೆಯಂತೆ, ನೋಂದಾಯಿತ ಸಣ್ಣ ತಯಾರಕನಿಗೆ ಬರೆದ ಕರಾರಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಸಲ್ಲಬೇಕು. ತಡವಾದರೆ ರಿಜರ್ವ್ ಬ್ಯಾಂಕಿನ ದರದ ಮೂರರಷ್ಟು ಚಕ್ರಬಡ್ಡಿ. 2024ರ ಏಪ್ರಿಲಿನಿಂದ, ಈ ವಾಯಿದೆ ಮೀರಿಸಿದವನು ಆ ಮೊತ್ತವನ್ನು ಸಲ್ಲಿಸುವವರೆಗೂ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸದಂತೆಯೂ ಕಟ್ಟುಮಾಡಿದರು. ಕೂಡಲೇ ಕೆಲವು ದೊಡ್ಡವರು ನೋಂದಾಯಿಸದವರ ಕಡೆಗೆ ಹೋಗುತ್ತೇವೆಂದು ಬೆದರಿಸಿದರು! ದೂರು ಕೊಟ್ಟವನು ಗಿರಾಕಿಯನ್ನು ಕಳೆದುಕೊಳ್ಳುತ್ತಾನೆ, ಕೊಡದವನು ಹಣವನ್ನು. ಅಂತೂ ಕಾಯಿದೆಯು ಪುಸ್ತಕದಲ್ಲಿ ಕ್ಷೇಮವಾಗಿದೆ.

ಈ ದೋಷದಿಂದ ನಾವೂ ಮುಕ್ತರಲ್ಲ. ಕಾಗದವನ್ನು ರೊಕ್ಕ ಕೊಟ್ಟು ತರುತ್ತೇವೆ, ಜಾಹೀರಾತನ್ನು ಉದ್ರಿಯ ಮೇಲೆ ಅಚ್ಚುಹಾಕುತ್ತೇವೆ. ಒಂದು ಕಚೇರಿಯ ಬಿಲ್ಲು ನಮಗೆ ಹನ್ನೊಂದು ತಿಂಗಳ ಮೇಲೆ ಬಂದಿತು. ಆ ಹನ್ನೊಂದು ತಿಂಗಳೂ ನಾವು ನಮ್ಮ ಬೈಂಡರನನ್ನು ನಾಳೆ ಬಾರೆಂದು ಕಳುಹಿಸುತ್ತಿದ್ದೆವು. ಅವನಿಗೆ ಬಡ್ಡಿಯನ್ನು ಯಾರು ಕೊಟ್ಟರು?

ಅಧಿಕಾರಿಗಳಲ್ಲಿ ನಮ್ಮದು ಒಂದೇ ಅರಿಕೆ. ದಾವಣಗೆರೆಯ ಮಹಾನಗರ ಪಾಲಿಕೆಯೂ ಹರಿಹರದ ನಗರಸಭೆಯೂ ತಮ್ಮ ಬಾಗಿಲಲ್ಲಿ ಒಂದು ಹಲಗೆಯನ್ನು ತೂಗಹಾಕಲಿ. ಸಣ್ಣ ಉದ್ಯಮಿಯ ಬಿಲ್ಲು ಬಂದ ದಿನ, ಹಣ ಸಂದ ದಿನ ಎಂದು ಎರಡೇ ಕಾಲಮುಗಳು ಅದರಲ್ಲಿರಲಿ. ಇತರ ಕಚೇರಿಗಳವರೂ ಮಂಡಿಯ ವರ್ತಕರೂ ಅದನ್ನು ಅನುಸರಿಸಬಹುದು. ತಿಂಗಳಿಗೊಮ್ಮೆ ಆ ಪಟ್ಟಿಯನ್ನು ಪ್ರಕಟಿಸಲು ನಮ್ಮ ಪತ್ರಿಕೆಯಲ್ಲಿ ಸ್ಥಳ ಬಿಟ್ಟುಕೊಡುತ್ತೇವೆ. ಅದಕ್ಕೆ ಬಿಲ್ಲನ್ನು ಕಳುಹಿಸುವುದಿಲ್ಲ.