ಅನಿಮೆ ಸಂಗ್ರಹಕ್ಕೆ ಯಾರ ಎಣಿಕೆ?

ಮನೆಯಲ್ಲಿರುವ ಹಳೆಯ ಕಂಪ್ಯೂಟರಿಗೆ ದೊಡ್ಡದೊಂದು ಹಾರ್ಡ್ ಡಿಸ್ಕ್ ಜೋಡಿಸಿ ಪ್ಲೆಕ್ಸ್ ಅಥವಾ ಜೆಲ್ಲಿಫಿನ್ ಎಂಬ ಮೀಡಿಯಾ ಸರ್ವರ್ ತಂತ್ರಾಂಶ ಹಾಕಿಕೊಂಡರೆ ಸಾಕು, ಸಂಗ್ರಹದಲ್ಲಿರುವ ಸಿನಿಮಾ, ಸರಣಿಗಳೆಲ್ಲ ಟೀವಿಯಲ್ಲೂ ಮೊಬೈಲಿನಲ್ಲೂ ಪೋಸ್ಟರ್ ಸಮೇತ ಸಾಲಾಗಿ ಬಂದು ನಿಲ್ಲುತ್ತವೆ. ಆ ಪೋಸ್ಟರ್, ಕಥಾಸಾರ, ಕಲಾವಿದರ ಪಟ್ಟಿ ಸಾಮಾನ್ಯವಾಗಿ ವಿಡಿಯೊ ಫೈಲಿನೊಳಗೆ ಇರುವುದಿಲ್ಲ. ಸರ್ವರ್ ಫೋಲ್ಡರಿನ ಮತ್ತು ಫೈಲಿನ ಹೆಸರನ್ನು ಓದಿ, ಟಿಎಂಡಿಬಿ, ಟಿವಿಡಿಬಿಯಂಥ ಮಾಹಿತಿ ಭಂಡಾರಗಳಲ್ಲಿ ಹುಡುಕಿ, ಸಿಕ್ಕಿದ್ದನ್ನು ತಂದು ಅಂಟಿಸುತ್ತದೆ. ಹಾಗೆ ಅಂಟಿಸಿದ ವಿವರಗಳಿಗೇ ಮೆಟಾಡೇಟಾ ಎನ್ನುವುದು. ಸಿನಿಮಾಗಳ ವಿಷಯದಲ್ಲಿ ಈ ಏರ್ಪಾಡು ಅಷ್ಟಾಗಿ ತೊಂದರೆ ಕೊಡದು. ಜಪಾನಿನ ಅನಿಮೆ ಸರಣಿಗಳು ಬಂದವೆಂದರೆ ಮಾತ್ರ ಕಂತುಗಳು ಅದಲುಬದಲಾಗುತ್ತವೆ, ಬೇರೆ ಸರಣಿಯ ಪೋಸ್ಟರ್ ಬಂದು ಕೂರುತ್ತದೆ, ಅರ್ಧ ಕಂತುಗಳು ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಆಗ ಸಾಫ್ಟ್‌ವೇರನ್ನು ದೂರುವುದು ವಾಡಿಕೆ. ಆದರೆ ತೊಡಕಿನ ಮೂಲ ಸಾಫ್ಟ್‌ವೇರಿನಲ್ಲಿಲ್ಲ. ಅನಿಮೆಯ ಕಂತುಗಳನ್ನು ಎಣಿಸುವ ಕ್ರಮ ಒಂದಕ್ಕಿಂತ ಹೆಚ್ಚಿದೆ, ಅವೆಲ್ಲವೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಇವೆ. ಯಾವ ಎಣಿಕೆ ಬೇಕೆಂದು ಸಂಗ್ರಹದ ಒಡೆಯರು ಮೊದಲು ನಿರ್ಧರಿಸಿ ಅದನ್ನು ಫೈಲುಗಳ ಹೆಸರಿನಲ್ಲೇ ಬರೆದಿಡದ ಹೊರತು, ಎಷ್ಟು ತಿದ್ದಿದರೂ ಮತ್ತೆ ಕೆಡುತ್ತದೆ.

ಇದಕ್ಕೆ 'ದಿ ಮೆಲಂಕಲಿ ಆಫ್ ಹರುಹಿ ಸುಜುಮಿಯಾ' ಸರಣಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. 2006ರಲ್ಲಿ ಅದರ 14 ಕಂತುಗಳು ಪ್ರಸಾರವಾದಾಗ ಕಥೆಯ ಕಾಲಕ್ರಮವನ್ನು ಬೇಕೆಂದೇ ಕಲಸಿಡಲಾಗಿತ್ತು. ಮೊದಲು ಬಂದದ್ದು ಪಾತ್ರಗಳೇ ಸೇರಿ ತೆಗೆದ ಹವ್ಯಾಸಿ ಸಿನಿಮಾದ ಕಂತು. ಕಥೆಯ ಮೊದಲ ಘಟ್ಟದ ಮುಕ್ತಾಯ ಬಂದದ್ದು ಕೊನೆಯ ವಾರ. 2009ರಲ್ಲಿ ಹೊಸದಾಗಿ 14 ಕಂತುಗಳನ್ನು ಸೇರಿಸಿ ಒಟ್ಟು 28 ಕಂತುಗಳನ್ನು ಕಾಲಕ್ರಮದಲ್ಲೇ ಮರುಪ್ರಸಾರ ಮಾಡಿದರು. ಮೊದಲು 1ನೆಯದಾಗಿದ್ದ ಆ ಸಿನಿಮಾ ಕಂತು ಈಗ 25ನೆಯದಾಯಿತು, 14ನೆಯದಾಗಿದ್ದದ್ದು 6ನೆಯದಾಯಿತು. ಎರಡೂ ಕ್ರಮಗಳು ಅಧಿಕೃತವೇ. ಒಂದರಲ್ಲಿ ನೋಡಿದವರಿಗೆ ಅದು ಬಿಡಿಸಬೇಕಾದ ಒಗಟು, ಇನ್ನೊಂದರಲ್ಲಿ ನೋಡಿದವರಿಗೆ ನೇರವಾಗಿ ಸಾಗುವ ಕಥೆ. 'ಇದು 1ನೇ ಕಂತು' ಎಂದಷ್ಟೇ ಹೇಳುವ ಫೈಲನ್ನು ಓದಿ ಸರ್ವರ್ ಏನೆಂದು ತೀರ್ಮಾನಿಸಬೇಕು? ಆ ಆಯ್ಕೆ ನೋಡುಗರದ್ದು.

ಇಷ್ಟು ವಿಚಿತ್ರವಲ್ಲದ ಸರಣಿಗಳಲ್ಲೂ ತೊಡಕು ತಪ್ಪಿದ್ದಲ್ಲ. ಸರ್ವರುಗಳು ಪ್ರತಿ ಸರಣಿಗೂ ಸೀಸನ್ ಇರುತ್ತದೆ, ಸೀಸನ್ನಿನೊಳಗೆ 1ರಿಂದ ಕಂತುಗಳಿರುತ್ತವೆ ಎಂದು ಭಾವಿಸಿಕೊಂಡೇ ಕೆಲಸ ಮಾಡುತ್ತವೆ. ಅಮೆರಿಕದ ಟೀವಿಗೆ ಅದು ಒಪ್ಪುತ್ತದೆ. ಜಪಾನಿನಲ್ಲಾದರೋ 1999ರ ಅಕ್ಟೋಬರಿನಲ್ಲಿ ಶುರುವಾದ 'ಒನ್ ಪೀಸ್' 2021ರಲ್ಲಿ 1000ನೇ ಕಂತು ದಾಟಿತು, ಸಂಖ್ಯೆ ಒಮ್ಮೆಯೂ ಹಿಂದಕ್ಕೆ 1ಕ್ಕೆ ಮರಳಲಿಲ್ಲ. ಇಂಥ ಸರಣಿಯ 103ನೇ ಕಂತಿನ ಫೈಲಿಗೆ ಬರೀ 103 ಎಂದು ಹೆಸರಿಟ್ಟರೆ, ಸರ್ವರ್ ಅದನ್ನು ಸೀಸನ್ 1, ಕಂತು 3 ಎಂದು ಓದಿಕೊಳ್ಳಬಹುದು. 'ಅಟ್ಯಾಕ್ ಆನ್ ಟೈಟನ್' 2013ರಲ್ಲಿ 25 ಕಂತು, 2017ರಲ್ಲಿ 12, 2018-19ರಲ್ಲಿ 22 ಕಂತುಗಳಾಗಿ ಬಂತು. 2020ರ ಡಿಸೆಂಬರಿನಲ್ಲಿ ಶುರುವಾದ 'ಅಂತಿಮ ಸೀಸನ್' ತುಂಡುತುಂಡಾಗಿ ಬಂದು, ಎರಡು ದೀರ್ಘ ವಿಶೇಷ ಕಂತುಗಳೊಂದಿಗೆ 2023ರ ನವೆಂಬರಿನಲ್ಲಿ ಮುಗಿಯಿತು. ಆ ಸೀಸನ್ನಿನ ಮೊದಲ ಕಂತು ಒಟ್ಟು ಎಣಿಕೆಯಲ್ಲಿ 60ನೆಯದು. ಟಿವಿಡಿಬಿಯ ಸೀಸನ್ ಕ್ರಮದಲ್ಲಿ ನಾಲ್ಕನೇ ಸೀಸನ್ನಿನ 1ನೆಯದು. ಮುಂದುವರಿದ ಭಾಗಗಳನ್ನು ಪ್ರತ್ಯೇಕ ಕೃತಿಗಳೆಂದು ಕಾಣುವ ಆನಿಡಿಬಿ ಎಂಬ ಭಂಡಾರದಲ್ಲಿ ಬೇರೆಯೇ ಸರಣಿಯ ಮೊದಲನೆಯದು. ಫೈಲಿನ ಹೆಸರು ಒಂದು ಲೆಕ್ಕದಲ್ಲಿದ್ದು ಸರ್ವರ್ ಕೇಳುವುದು ಇನ್ನೊಂದು ಲೆಕ್ಕದವರನ್ನಾದರೆ ಪಟ್ಟಿ ಕೆಡುವುದು ಖಂಡಿತ.

ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಒಂದೇ ಭಂಡಾರವನ್ನು ಆರಿಸಿಕೊಳ್ಳುವುದರಿಂದ. ಮನೆಯವರೆಲ್ಲ ನೋಡುವ ಸಂಗ್ರಹಕ್ಕೆ ಟಿವಿಡಿಬಿ ಅಥವಾ ಟಿಎಂಡಿಬಿ ವಾಸಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಒಂದು ಸರಣಿಯ ಎಲ್ಲ ಭಾಗಗಳೂ ಅಲ್ಲಿ ಸಾಮಾನ್ಯವಾಗಿ ಒಂದೇ ಪೋಸ್ಟರಿನಡಿ ಸಿಗುತ್ತವೆ. ನಂತರ ಆ ಭಂಡಾರದಲ್ಲಿ ಸರಣಿಯ ಗುರುತುಸಂಖ್ಯೆ ಏನೆಂದು ನೋಡಿ ಅದನ್ನು ಫೋಲ್ಡರಿನ ಹೆಸರಿಗೆ ಸೇರಿಸಬೇಕು. ಪ್ಲೆಕ್ಸ್ ಅದನ್ನು ಪುಷ್ಪಾವರಣದೊಳಗೆ ಬಯಸುತ್ತದೆ, ಜೆಲ್ಲಿಫಿನ್ ಚೌಕಾವರಣದೊಳಗೆ. ಹೆಸರೊಂದನ್ನೇ ನಂಬಿದರೆ ಸಾಲದು: 'ಹಂಟರ್ ಎಕ್ಸ್ ಹಂಟರ್' ಹೆಸರಿನಲ್ಲಿ 1999ರದ್ದೊಂದು, 148 ಕಂತುಗಳ 2011ರದ್ದೊಂದು, ಹೀಗೆ ಎರಡು ಸರಣಿಗಳಿವೆ. ಊರಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಮನೆತನ ಸೇರಿಸಿ ಕರೆಯುವಂತೆ ಇಲ್ಲಿ ಇಸವಿ ಸೇರಿಸಬೇಕಾಗುತ್ತದೆ. ಆದರೆ ಇಸವಿಯನ್ನೂ ಪೂರ್ತಿ ನಂಬುವಂತಿಲ್ಲ. ಜಪಾನಿನ ಯುಗೊ ಸಾಕೊ ಅವರು ನಮ್ಮ ಆನಿಮೇಷನ್ ನಿರ್ದೇಶಕ ರಾಮ್ ಮೋಹನ್ ಜೊತೆಗೂಡಿ ಮಾಡಿದ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ಸಿನಿಮಾ ಒಂದು ಕಡೆ 1992ರದ್ದು ಎಂದಿದೆ, ಇನ್ನೊಂದು ಕಡೆ 1993ರದ್ದು. ಗುರುತುಸಂಖ್ಯೆಗೆ ಇಂಥ ಗೊಂದಲವಿಲ್ಲ. ಅದಾದ ಮೇಲೆ ಆರಿಸಿಕೊಂಡ ಎಣಿಕೆಯಂತೆ ಪ್ರತಿ ಫೈಲಿಗೂ ಸೀಸನ್ ಮತ್ತು ಕಂತಿನ ಸಂಖ್ಯೆ ಕೊಡಬೇಕು. ಬ್ಲೂರೇ ಡಿಸ್ಕಿನ ಜೊತೆ ಬಂದ ವಿಶೇಷ ಕಂತುಗಳಿಗೆ ಸೀಸನ್ ಸೊನ್ನೆ. ಹೆಸರು ಬದಲಿಸುವ ಪುಟ್ಟ ಸಾಫ್ಟ್‌ವೇರುಗಳಿರುವುದರಿಂದ ನೂರಾರು ಫೈಲುಗಳೂ ಬೇಗ ಮುಗಿಯುತ್ತವೆ.

ಇಷ್ಟೆಲ್ಲ ಏಕೆ, ಸರ್ವರಿನ ಪರದೆಯಲ್ಲೇ ತಪ್ಪನ್ನು ತಿದ್ದಬಹುದಲ್ಲ ಎಂದು ಕೇಳಬಹುದು. ನಿಜ, ಪ್ಲೆಕ್ಸ್‌ನಲ್ಲಿ ಕೈಯಾರೆ ತಿದ್ದಿದ್ದಕ್ಕೆ ಬೀಗ ಬೀಳುತ್ತದೆ, ಮಾಹಿತಿ ನವೀಕರಿಸಿದರೂ ಅಳಿಯುವುದಿಲ್ಲ. ಆದರೆ ಆ ತಿದ್ದುಪಡಿ ಉಳಿಯುವುದು ಸರ್ವರಿನ ಸ್ವಂತ ಲೆಕ್ಕಪುಸ್ತಕದಲ್ಲಿ. ಕಂಪ್ಯೂಟರ್ ಕೆಟ್ಟರೆ, ಅಥವಾ ಪ್ಲೆಕ್ಸ್ ಬಿಟ್ಟು ಜೆಲ್ಲಿಫಿನ್‌ಗೆ ಹೋದರೆ, ಎಲ್ಲವೂ ಮೊದಲಿನಿಂದ. ಹೆಸರಿನಲ್ಲಿ ಬರೆದದ್ದು ಫೈಲಿನ ಜೊತೆಗೇ ಹೋಗುತ್ತದೆ. ಗುರುತುಸಂಖ್ಯೆ ಬರೆದ ರೂಪವನ್ನು ಹೊಸ ಸರ್ವರಿಗೆ ತಕ್ಕಂತೆ ಬದಲಿಸಿಕೊಟ್ಟರೆ ಆಯಿತು. ಇನ್ನೊಂದು ಆಕ್ಷೇಪಣೆಗೆ ಹೆಚ್ಚು ತೂಕವಿದೆ: ಶೋಕೊ ಎಂಬ ತಂತ್ರಾಂಶ ಹೆಸರನ್ನು ನೋಡುವುದೇ ಇಲ್ಲ, ಫೈಲಿನ ಒಡಲಿನಿಂದಲೇ ಒಂದು ಅಂಕಿಗುರುತು ಲೆಕ್ಕ ಹಾಕಿ ಆನಿಡಿಬಿಯಲ್ಲಿ ಹೊಂದಿಸುತ್ತದೆ. ಜಾಣ ಉಪಾಯ, ಬಹಳ ಕಡೆ ಚೆನ್ನಾಗಿ ನಡೆಯುತ್ತದೆ. ಆದರೆ ಅದು ಗುರುತಿಸುವುದು ಈಗಾಗಲೇ ಭಂಡಾರಕ್ಕೆ ಸೇರಿರುವ ಫೈಲನ್ನು. ದುಡ್ಡು ಕೊಟ್ಟು ಬ್ಲೂರೇ ತಂದು ತಾವೇ ಪ್ರತಿ ಮಾಡಿಕೊಂಡವರ ಫೈಲಿನ ಅಂಕಿಗುರುತು ಜಗತ್ತಿನಲ್ಲಿ ಬೇರೆಲ್ಲೂ ಇರುವುದಿಲ್ಲ, ಹಾಗಾಗಿ ಪ್ರಾಮಾಣಿಕ ಸಂಗ್ರಾಹಕರಿಗೇ ಅದರಿಂದ ಸಿಗುವ ನೆರವು ಕಡಿಮೆ. ಮೇಲಾಗಿ ಆನಿಡಿಬಿಯ ವಿಂಗಡಣೆಯೂ ಒಂದು ಎಣಿಕೆಯೇ. ಅದು ಒಪ್ಪಿಗೆಯಾದವರು ಶೋಕೊ ಬಳಸಲಿ, ಆದರೆ ಆರಿಸಿಕೊಂಡದ್ದು ಏನೆಂದು ತಿಳಿದೇ ಬಳಸಲಿ.

ಭಂಡಾರದಲ್ಲೇ ತಪ್ಪಿದ್ದರೆ ಏನು ಮಾಡುವುದು? ಅಲ್ಲೇ ತಿದ್ದಬಹುದು. ಟಿಎಂಡಿಬಿ, ಟಿವಿಡಿಬಿ ಎರಡೂ ಬೆಳೆದದ್ದು ಬಳಕೆದಾರರು ತುಂಬಿದ ಮಾಹಿತಿಯಿಂದ. ಖಾತೆ ತೆರೆದವರು ಕಂತಿನ ಹೆಸರು, ಪ್ರಸಾರದ ದಿನ, ಪೋಸ್ಟರುಗಳನ್ನು ಸೇರಿಸಬಹುದು. ಕನ್ನಡಿಗರಿಗೆ ಇಲ್ಲಿ ಇನ್ನೊಂದು ಅವಕಾಶವೂ ಇದೆ. ಟಿಎಂಡಿಬಿಯಲ್ಲಿ ಒಂದೊಂದು ಭಾಷೆಗೂ ಪ್ರತ್ಯೇಕ ಶೀರ್ಷಿಕೆ, ಕಥಾಸಾರ ಬರೆಯುವ ಜಾಗವಿದೆ, ಆ ಭಾಷೆಗಳಲ್ಲಿ ಕನ್ನಡವೂ ಒಂದು. ಹರುಹಿಯ ಬಗ್ಗೆ ನಾಲ್ಕು ಸಾಲು ಕನ್ನಡದಲ್ಲಿ ಬರೆದು ಅಲ್ಲಿ ಸೇರಿಸಿದರೆ, ಟಿಎಂಡಿಬಿಯಿಂದ ಕನ್ನಡದಲ್ಲೇ ವಿವರ ತರುವಂತೆ ಸರ್ವರನ್ನು ಹೊಂದಿಸಿಕೊಂಡವರಿಗೆ, ಅವರು ಹಾಸನದಲ್ಲಿರಲಿ ಸಿಂಗಪುರದಲ್ಲಿರಲಿ, ಮುಂದಿನ ಸಲ ಮಾಹಿತಿ ನವೀಕರಿಸಿದಾಗ ಆ ನಾಲ್ಕು ಸಾಲು ಸಿಗುತ್ತವೆ.