ಭಿನ್ನ ಭಾಷೆಗಳ ಕ್ರಮವಿಧಿಗಳ ನಡುವೆ ದತ್ತಾಂಶ ವಿನಿಮಯ

ಕನ್ನಡ ಮಾಧ್ಯಮ ಶಾಲೆಯೊಂದರ ದಾಖಲಾತಿ ಪಟ್ಟಿಯಲ್ಲಿ ‘ಲಕ್ಷ್ಮಿ’ ಎಂಬ ಹೆಸರಿದೆಯೆಂದು ಭಾವಿಸಬಹುದು. ಅದನ್ನು ನಮೂದಿಸಿಕೊಳ್ಳುವ ಕ್ರಮವಿಧಿ (ಪ್ರೋಗ್ರಾಂ) ಪೈಥಾನ್ ಭಾಷೆಯಲ್ಲಿಯೂ, ಅಂಕಪಟ್ಟಿಯನ್ನು ಮುದ್ರಿಸುವ ಕ್ರಮವಿಧಿ ಸಿ ಭಾಷೆಯಲ್ಲಿಯೂ ರಚಿತವಾಗಿರಬಹುದು. ಹೆಸರು ಎರಡೂ ಕಡೆ ಒಂದೇ ಆಗಿ ಉಳಿಯಬೇಕಾದರೆ ಅವುಗಳ ನಡುವೆ ಒಪ್ಪಂದವೊಂದು ಇರಬೇಕು.

ಪ್ರತಿಯೊಂದು ಭಾಷೆಯೂ ದತ್ತಾಂಶವನ್ನು ಗಣಕದ ಸ್ಮೃತಿಯಲ್ಲಿ ತನ್ನದೇ ರೀತಿಯಲ್ಲಿ ಇರಿಸುತ್ತದೆ. ಆದ್ದರಿಂದ ಕಳುಹಿಸುವ ಕ್ರಮವಿಧಿಯು ದತ್ತಾಂಶವನ್ನು ಎರಡಕ್ಕೂ ಪರಿಚಿತವಾದ ಮೂರನೆಯ ರೂಪಕ್ಕೆ ಬದಲಿಸುತ್ತದೆ. ಪಡೆಯುವ ಕ್ರಮವಿಧಿಯು ಅದನ್ನು ಮರಳಿ ತನ್ನ ರೀತಿಗೆ ಪರಿವರ್ತಿಸಿಕೊಳ್ಳುತ್ತದೆ. ತುಳು ಮನೆಮಾತಿನವರೂ ಕೊಂಕಣಿ ಮನೆಮಾತಿನವರೂ ಪರಸ್ಪರ ಕನ್ನಡದಲ್ಲಿ ವ್ಯವಹರಿಸುವುದನ್ನು ಕಂಡಿರುವ ಕಾಸರಗೋಡಿನ ಮಕ್ಕಳಿಗೆ ಈ ಕಲ್ಪನೆ ಕಠಿಣವೆನಿಸದು.

ಇಂತಹ ಮಧ್ಯವರ್ತಿ ರೂಪಗಳಲ್ಲಿ ಇಂದು ವ್ಯಾಪಕವಾಗಿ ಬಳಕೆಯಲ್ಲಿರುವುದು ಜೇಸನ್. ಜಾವಾಸ್ಕ್ರಿಪ್ಟ್ ಭಾಷೆಯ ಬರವಣಿಗೆಯ ಕ್ರಮದಿಂದ ಹುಟ್ಟಿದರೂ ಅದು ಯಾವುದೇ ಒಂದು ಭಾಷೆಗೆ ಸೀಮಿತವಲ್ಲ. ಉದಾಹರಣೆ:

{"ಹೆಸರು": "ಲಕ್ಷ್ಮಿ", "ತರಗತಿ": 7, "ದಾಖಲೆ ಸಂಖ್ಯೆ": "0042"}

ಇಲ್ಲಿ ಉದ್ಧರಣ ಚಿಹ್ನೆಗಳೊಳಗೆ ಇರುವುದು ಪಠ್ಯ. ಚಿಹ್ನೆಯಿಲ್ಲದ 7 ಸಂಖ್ಯೆ. ದಾಖಲೆ ಸಂಖ್ಯೆಯನ್ನು ಪಠ್ಯವಾಗಿ ಬರೆದಿರುವುದಕ್ಕೆ ಕಾರಣವಿದೆ. ಅದನ್ನು ಸಂಖ್ಯೆಯಾಗಿ ಪರಿವರ್ತಿಸಿದರೆ ಮೊದಲ ಸೊನ್ನೆಗಳು ಅಳಿದು 42 ಮಾತ್ರ ಉಳಿಯುತ್ತದೆ.

ರೂಪದ ಒಪ್ಪಂದವೊಂದೇ ಸಾಲದು. ಲಿಪಿಸಂಕೇತದ ಒಪ್ಪಂದವೂ ಅಗತ್ಯ. ‘ಲಕ್ಷ್ಮಿ’ ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್ ಕ್ರಮದಲ್ಲಿ ಅದು ಲ, ಕ, ಹಲಂತ ಚಿಹ್ನೆ, ಷ, ಹಲಂತ ಚಿಹ್ನೆ, ಮ, ಇಕಾರದ ಚಿಹ್ನೆ ಎಂಬ 7 ಸಂಕೇತಗಳ ಸಾಲು. ಬೇರೆ ಬೇರೆ ವ್ಯವಸ್ಥೆಗಳ ನಡುವೆ ಸಾಗುವ ಜೇಸನ್ ಪಠ್ಯವು ಯುಟಿಎಫ್-8 ಕ್ರಮದಲ್ಲಿರಬೇಕೆಂದು 2017ರ ಮಾನಕವು ವಿಧಿಸುತ್ತದೆ. ಆ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟುಗಳು. ಈ ಹೆಸರಿಗೆ ಒಟ್ಟು 21. ಪೈಥಾನ್ ಇದರ ಉದ್ದವನ್ನು 7 ಎಂದು ಹೇಳಿದರೆ, ಬೈಟುಗಳನ್ನು ಎಣಿಸುವ ಸಿ ಭಾಷೆ 21 ಎಂದು ಹೇಳುತ್ತದೆ. ಮುದ್ರಿಸುವ ಕ್ರಮವಿಧಿಯು ಹೆಸರಿನಲ್ಲಿ 20 ಬೈಟುಗಳನ್ನು ಮಾತ್ರ ಉಳಿಸಿಕೊಂಡರೆ ಕೊನೆಯ ಇಕಾರ ತುಂಡಾಗಿ, ‘ಲಕ್ಷ್ಮ’ ಎಂಬುದರ ಮುಂದೆ ಅರ್ಥವಿಲ್ಲದ ಗುರುತು ಮೂಡಬಹುದು. ಇಂಗ್ಲಿಷಿನ ಪ್ರತಿ ಅಕ್ಷರಕ್ಕೆ 1 ಬೈಟು ಸಾಕು. ಆದ್ದರಿಂದ ಇಂಗ್ಲಿಷ್ ಹೆಸರುಗಳಿಂದ ಮಾತ್ರ ಪರೀಕ್ಷಿಸಿದ ಕ್ರಮವಿಧಿಯಲ್ಲಿ ಈ ದೋಷ ಅಡಗಿಯೇ ಇರುತ್ತದೆ. ಅದರ ಫಲವನ್ನು ಅನುಭವಿಸುವುದು ಕನ್ನಡದ ಮಗು.

ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿದ ಪಟ್ಟಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವುಗಳಲ್ಲಿ ಕನ್ನಡದ ಆಕೃತಿಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಇರಿಸಲಾಗಿತ್ತು. ಆ ಫಾಂಟ್ ಇಲ್ಲದ ಗಣಕದಲ್ಲಿ ಹೆಸರುಗಳು ಓದಲಾಗದ ರೋಮನ್ ಅಕ್ಷರಗಳಾಗಿ ತೋರುತ್ತವೆ. ಅಂತಹ ಪಟ್ಟಿಯನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಮೂಲದೊಡನೆ ಹೋಲಿಸಿ ನೋಡಿದ ಬಳಿಕವೇ ಮುಂದಕ್ಕೆ ಕಳುಹಿಸತಕ್ಕದ್ದು.

ತರಗತಿ ಚಟುವಟಿಕೆ: ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಹೆಸರನ್ನು ಕನ್ನಡದಲ್ಲಿ ಬರೆದು, ಅಕ್ಷರ, ಸಂಕೇತ ಮತ್ತು ಬೈಟುಗಳನ್ನು ಬೇರೆ ಬೇರೆಯಾಗಿ ಎಣಿಸಲಿ. ಒತ್ತಕ್ಷರವಿರುವ ಹೆಸರುಗಳನ್ನು ಶಿಕ್ಷಕರು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಬೇಕು.