ಹತ್ತಿರ ಬಂದಷ್ಟೂ ರೈಲಿನ ಶ್ರುತಿ ಏರುತ್ತದೆಯೇ?

ಪಾಂಡವಪುರ ಸ್ಟೇಷನ್ನಿನಲ್ಲಿ ನಿಲ್ಲದ ಗಾಡಿಗಳು ಹಾರ್ನ್ ಹೊಡೆಯುತ್ತ ಹಾದುಹೋಗುತ್ತವೆ. 2022ರ ನವೆಂಬರ್‌ನಲ್ಲಿ ಶುರುವಾದ ಚೆನ್ನೈ–ಮೈಸೂರು ವಂದೇ ಭಾರತ್ ಅಂಥದ್ದೊಂದು. ಪ್ಲಾಟ್‌ಫಾರ್ಮಿನಲ್ಲಿ ನಿಂತವರನ್ನು ಕೇಳಿದರೆ, "ಬರ್ತಾ ಬರ್ತಾ ಸದ್ದು ಏರುತ್ತೆ, ದಾಟಿದ ಮೇಲೆ ಇಳಿಯುತ್ತೆ" ಅನ್ನುತ್ತಾರೆ. ಸದ್ದಿನ ಜೋರಿನ ಬಗ್ಗೆ ಹೇಳಿದ್ದರೆ ಮಾತು ಸರಿ. ಶ್ರುತಿಯ ಬಗ್ಗೆ ಹೇಳಿದ್ದರೆ ಅರ್ಧ ತಪ್ಪು. ಶಾಲೆಯಲ್ಲಿ ಡಾಪ್ಲರ್ ಪರಿಣಾಮ ಓದಿದವರೂ ಎಡವುವುದು ಇಲ್ಲೇ.

ಗಾಡಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಬರುತ್ತಿದೆ, ಹಾರ್ನ್ ಸೆಕೆಂಡಿಗೆ 400 ಸಲ ಕಂಪಿಸುತ್ತಿದೆ ಅಂದುಕೊಳ್ಳಿ. ಒಂದು ಅಲೆ ಹೊರಟು ಮುಂದಿನದು ಹೊರಡುವಷ್ಟರಲ್ಲಿ ಇಂಜಿನ್ ಸುಮಾರು 7 ಸೆಂ.ಮೀ. ಮುಂದಕ್ಕೆ ಬಂದಿರುತ್ತದೆ. ಅಲೆಗಳು ಅಷ್ಟಷ್ಟು ಒತ್ತಾಗುತ್ತವೆ, ಕಿವಿಗೆ ಸೆಕೆಂಡಿಗೆ 435 ಅಲೆ ಮುಟ್ಟುತ್ತವೆ. ಗಾಡಿ 2 ಕಿ.ಮೀ. ಆಚೆಗಿದ್ದಾಗಲೂ 435, 200 ಮೀಟರಿಗೆ ಬಂದಾಗಲೂ 435. ದೂರಕ್ಕೆ ಇಲ್ಲಿ ಕೆಲಸವೇ ಇಲ್ಲ, ಲೆಕ್ಕಕ್ಕೆ ಬರುವುದು ನಮ್ಮ ಕಡೆಗಿನ ವೇಗ ಮಾತ್ರ. ಎದುರಿಗೆ ಬಂದು ದಾಟುವಾಗ ಶ್ರುತಿ ಸರಕ್ಕನೆ ಜಾರಿ 370ಕ್ಕೆ ಬಿದ್ದು ಅಲ್ಲೇ ನಿಲ್ಲುತ್ತದೆ. ಸಂಗೀತದ ಅಳತೆಯಲ್ಲಿ ಹೇಳುವುದಾದರೆ, ಸಾಧಾರಣ ಗಾಂಧಾರದಿಂದ ಷಡ್ಜಕ್ಕೆ ಇಳಿದಷ್ಟು, ಹೆಚ್ಚುಕಡಿಮೆ.

ಹಳಿಯಿಂದ ದೂರ ಗದ್ದೆ ಬದುವಿನ ಮೇಲೆ ನಿಂತವರಿಗೆ ಈ ಜಾರು ನಿಧಾನ. ಇಂಜಿನ್ನಿನ ವೇಗದಲ್ಲಿ ಅವರತ್ತ ಬರುವ ಪಾಲು ಕ್ಷಣಕ್ಷಣಕ್ಕೂ ಕಮ್ಮಿಯಾಗುತ್ತದೆ. ಹಾಗಾಗಿ ಗಾಡಿ ಇನ್ನೂ ಹತ್ತಿರವಾಗುತ್ತಿರುವಾಗಲೇ ಶ್ರುತಿ ಇಳಿಯತೊಡಗಿರುತ್ತದೆ. ಎಲ್ಲಿ ನಿಂತರೂ ಏರುವುದಂತೂ ಇಲ್ಲ.

ಮತ್ತೆ ಏರಿದಂತೆ ಕೇಳುವುದೇಕೆ? ಕಿವಿ ಜೋರನ್ನೂ ಶ್ರುತಿಯನ್ನೂ ಕಲಸಿಕೊಳ್ಳುತ್ತದೆ. ಶ್ರುತಿ ಇಳಿಯುತ್ತಿದ್ದರೂ ಸದ್ದು ಜೋರಾಗುತ್ತಿದ್ದರೆ ಜನ ಅದನ್ನು ಏರುತ್ತಿದೆ ಎಂದೇ ಕೇಳುತ್ತಾರೆಂದು ಜಾನ್ ನ್ಯೂಹಾಫ್ ಮತ್ತು ಮೈಕೆಲ್ ಮೆಕ್‌ಬೀತ್ ಎಂಬ ಮನಶ್ಶಾಸ್ತ್ರಜ್ಞರು 1996ರಲ್ಲಿ ಪ್ರಯೋಗ ಮಾಡಿ ತೋರಿಸಿದರು.

"ಡ್ರೈವರ್ ಬೇರೆ ಹಾರ್ನ್ ಒತ್ತಿರಬೇಕು" ಅನ್ನುವವರೂ ಇದ್ದಾರೆ. ಇದು ಪೂರಾ ಬುರುಡೆಯಲ್ಲ. ಈಗಿನ ಎಷ್ಟೋ ಇಂಜಿನ್‌ಗಳಲ್ಲಿ ಎತ್ತರದ್ದೊಂದು, ತಗ್ಗಿನದೊಂದು ಎಂದು ಎರಡು ಹಾರ್ನ್ ಇರುತ್ತವೆ. ಆದರೆ ಅದೇ ಗಾಡಿಯ ಒಳಗೆ ಕೂತವರಿಗೆ, ಒಂದೇ ಹಾರ್ನ್ ಒತ್ತಿ ಹಿಡಿದಿರುವಷ್ಟು ಹೊತ್ತೂ ಶ್ರುತಿ ಒಂದಿಷ್ಟೂ ಕದಲುವುದಿಲ್ಲ. ಅವರಿಗೆ ಜಾರಿದಂತೆ ಕೇಳುವುದು ಪಕ್ಕದ ಹಳಿಯಲ್ಲಿ ನಿಂತ ಗಾಡಿಯ ಹಾರ್ನ್. ಓಡುತ್ತಿರುವುದು ಸದ್ದಾದರೂ ಆಗಬಹುದು, ಕೇಳುಗರಾದರೂ ಆಗಬಹುದು.

ಕ್ರಿಶ್ಚಿಯನ್ ಡಾಪ್ಲರ್ ಇದನ್ನು ರೈಲಿನ ಸೀಟಿ ಕೇಳಿ ಕಂಡುಕೊಂಡನೆಂಬುದೂ ಕಟ್ಟುಕಥೆ. 1842ರಲ್ಲಿ ಪ್ರಾಗ್‌ನಲ್ಲಿ ಅವನು ಮಂಡಿಸಿದ್ದು ಜೋಡಿ ನಕ್ಷತ್ರಗಳ ಬಣ್ಣದ ವಿಚಾರ, ಬಣ್ಣದ ಬಗ್ಗೆ ಅವನು ಹೇಳಿದ್ದು ನಿಲ್ಲಲೂ ಇಲ್ಲ. ರೈಲು ಬಂದದ್ದು 1845ರಲ್ಲಿ, ಹಾಲೆಂಡಿನ ಬಾಯ್ಸ್ ಬ್ಯಾಲಟ್ ತುತ್ತೂರಿಯವರನ್ನು ಗಾಡಿ ಹತ್ತಿಸಿ, ಶ್ರುತಿಜ್ಞಾನ ಇದ್ದವರನ್ನು ಹಳಿಯ ಪಕ್ಕ ನಿಲ್ಲಿಸಿ ಪರೀಕ್ಷೆ ಮಾಡಿದಾಗ.

ನಮ್ಮಲ್ಲಿ ತುತ್ತೂರಿಯವರು ಬೇಕಿಲ್ಲ. ಪಾಂಡವಪುರ, ಕೆ.ಆರ್.ಪೇಟೆ ಕಡೆ ಕಬ್ಬು ಅರೆಯುವ ಕಾಲದಲ್ಲಿ ರಸ್ತೆಬದಿ ನಿಂತರೆ ಸಾಕು. ಫ್ಯಾಕ್ಟರಿಯಿಂದ ಖಾಲಿ ಟ್ರೇಲರ್ ಎಳೆದುಕೊಂಡು ವಾಪಸಾಗುವ ಟ್ರ್ಯಾಕ್ಟರ್‌ಗಳಲ್ಲಿ ಸಿನಿಮಾ ಹಾಡು ಊರಿಗೆಲ್ಲ ಕೇಳುವಂತೆ ಮೊಳಗುತ್ತಿರುತ್ತದೆ. ಗಂಟೆಗೆ 25 ಕಿ.ಮೀ. ವೇಗಕ್ಕೇ, ಟ್ರ್ಯಾಕ್ಟರ್ ದಾಟುತ್ತಿದ್ದಂತೆ ಹಾಡು ಶೇ. 4ರಷ್ಟು ಇಳಿಯುತ್ತದೆ. ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರದಲ್ಲಿ ಇದು ಮೂರನೇ ಎರಡು ಪಾಲು. ಹಾಗಂತ ಹಾಡು ಅಪಸ್ವರವಾಗುವುದಿಲ್ಲ, ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ. ಹೆಚ್ಚಿನವರು ಗಮನಿಸದ ಸಂಗತಿ ಇನ್ನೊಂದಿದೆ: ಲಯವೂ ಅಷ್ಟೇ ನಿಧಾನವಾಗುತ್ತದೆ. ತಮಟೆಯ ಪೆಟ್ಟುಗಳೂ ಅಲೆಗಳ ಹಾಗೆಯೇ ದೂರದೂರವಾಗುತ್ತವೆ.

ಗಾಳಿಯ ಮೇಲೆ ಹಾಕುವ ತಪ್ಪೊಂದಿದೆ. ನಾಗಮಂಗಲ ಕಡೆಯ ಬಯಲಿನಲ್ಲಿ ರಾತ್ರಿ ಪಕ್ಕದ ಊರಿನ ಕುರುಕ್ಷೇತ್ರ ನಾಟಕ ಮೈಕಿನಲ್ಲಿ ಕೇಳುತ್ತದೆ. ಗಾಳಿ ತಿರುಗಿದರೆ ಹಾರ್ಮೋನಿಯಂ ಒಮ್ಮೆ ಜೋರು, ಒಮ್ಮೆ ಮೆತ್ತಗೆ. "ಗಾಳಿಗೆ ಶ್ರುತಿ ಹೋಯ್ತು" ಅನ್ನುವುದುಂಟು. ಮೈಕೂ ನಿಂತಿದೆ, ಕೇಳುವವರೂ ನಿಂತಿದ್ದಾರೆ. ಒಂದೇ ಸಮನೆ ಬೀಸುವ ಗಾಳಿ ಎಷ್ಟೇ ಜೋರಾಗಿದ್ದರೂ ಆಗ ಶ್ರುತಿ ಬದಲಾಗದು. ಶ್ರುತಿ ತಪ್ಪಿದ್ದೇ ನಿಜವಾದರೆ ಹಾರ್ಮೋನಿಯಂ ಮೇಷ್ಟ್ರನ್ನೋ ಪಾತ್ರಧಾರಿಯನ್ನೋ ಕೇಳಬೇಕು.

ಡಾಪ್ಲರ್ ಪರಿಣಾಮಕ್ಕೆ ಎಲ್ಲರೂ ಕೊಡುವ ಉದಾಹರಣೆ ಆ್ಯಂಬುಲೆನ್ಸ್. ನನ್ನ ಪ್ರಕಾರ ಅದಕ್ಕಿಂತ ಕೆಟ್ಟ ಉದಾಹರಣೆ ಇಲ್ಲ. ಮನೆ ಮುಂದೆ ನಿಲ್ಲಿಸಿದ್ದರೂ ಸೈರನ್ ತಾನಾಗಿಯೇ ಏರಿಳಿಯುತ್ತಿರುತ್ತದೆ. ವೇಗದಿಂದಾದ ಇಳಿತವನ್ನು ಅದರೊಳಗಿಂದ ಹೆಕ್ಕುವುದು ಕಷ್ಟ. ಬೇಕಾದದ್ದು ಒಂದೇ ಸ್ವರದ, ಎಳೆದು ಹಿಡಿದ ಹಾರ್ನ್.

ಅಂಥ ಹಾರ್ನ್ ಸಿಕ್ಕಿದರೆ ಗಾಡಿಯ ವೇಗವನ್ನೇ ಲೆಕ್ಕ ಹಾಕಬಹುದು. ಮೊಬೈಲಿನ ಟ್ಯೂನರ್ ಆ್ಯಪ್‌ನಲ್ಲಿ ದಾಟುವ ಮುಂಚಿನ ಮತ್ತು ದಾಟಿದ ಮೇಲಿನ ಅಂಕಿ ನೋಡಿಕೊಳ್ಳಿ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿ, ಶಬ್ದದ ವೇಗದಿಂದ, ಅಂದರೆ ನಮ್ಮ ಹವೆಯಲ್ಲಿ ಸೆಕೆಂಡಿಗೆ ಸುಮಾರು 346 ಮೀಟರಿನಿಂದ, ಗುಣಿಸಿ. 435 ಮತ್ತು 370 ಸಿಕ್ಕಿದ್ದರೆ ಉತ್ತರ ಸೆಕೆಂಡಿಗೆ 28 ಮೀಟರ್ ಹತ್ತಿರ, ಗಂಟೆಗೆ 100 ಕಿ.ಮೀ. ಹಾರ್ನಿನ ಮೂಲ ಶ್ರುತಿ ಎಷ್ಟೆಂದು ಡ್ರೈವರನ್ನು ಕೇಳುವ ಅಗತ್ಯವೂ ಇಲ್ಲ.